ಬೆತ್ತ, ಬರ್ಚ್, ಕೇನ್: ಏಟಿನ ಸುತ್ತ ಹಬ್ಬಿದ ತಪ್ಪು ಕಲ್ಪನೆಗಳು

ಸಿಂಗಪುರಕ್ಕೆ ಹೊರಟವರಿಗೆ ನೆಂಟರಿಷ್ಟರು ಒಂದು ಎಚ್ಚರಿಕೆಯನ್ನು ತಪ್ಪದೆ ಹೇಳುತ್ತಾರೆ: ಅಲ್ಲಿ ಚ್ಯೂಯಿಂಗ್ ಗಮ್ ಜಗಿದರೆ ಛಡಿ ಏಟು ಬೀಳುತ್ತದಂತೆ! ಬೀಳುವುದಿಲ್ಲ. 1992ರಲ್ಲಿ ಆ ದೇಶ ನಿಷೇಧಿಸಿದ್ದು ಗಮ್ಮಿನ ಆಮದು ಮತ್ತು ಮಾರಾಟವನ್ನು. ತಪ್ಪಿದರೆ ದಂಡ, ಜೈಲು ಉಂಟು. ‘ಕೇನಿಂಗ್’ ಎಂಬ ಬೆತ್ತದ ಶಿಕ್ಷೆ ಇಲ್ಲ. ಹಲ್ಲಿನ ಆರೋಗ್ಯಕ್ಕೆಂದು ಮಾಡಿದ ಗಮ್ 2004ರಿಂದ ಅಲ್ಲಿಯ ಔಷಧದಂಗಡಿಗಳಲ್ಲೇ ಸಿಗುತ್ತದೆ.

ಗೊಂದಲಕ್ಕೆ ಕಾರಣ 1994ರ ಒಂದು ಪ್ರಕರಣ. ಮೈಕಲ್ ಫೇ ಎಂಬ ಅಮೆರಿಕದ ಹುಡುಗ ಕಾರುಗಳ ಮೇಲೆ ಬಣ್ಣ ಎರಚಿ ಸಿಕ್ಕಿಬಿದ್ದ. ನ್ಯಾಯಾಲಯ ಆರು ಏಟು ವಿಧಿಸಿತು. ಅಧ್ಯಕ್ಷ ಕ್ಲಿಂಟನ್ ಮನವಿ ಮಾಡಿಕೊಂಡ ಮೇಲೆ ಅದು ನಾಲ್ಕಕ್ಕೆ ಇಳಿಯಿತು, ರದ್ದಾಗಲಿಲ್ಲ. ಗಮ್ಮಿನ ಸುದ್ದಿ, ಏಟಿನ ಸುದ್ದಿ ಎರಡೂ ಬೆನ್ನುಬೆನ್ನಿಗೆ ಬಂದು ಜನರ ನೆನಪಿನಲ್ಲಿ ಒಂದಾಗಿಬಿಟ್ಟವು.

ಈ ಶಿಕ್ಷೆ ಪೂರ್ವದೇಶಗಳ ಹಳೆಯ ಪದ್ಧತಿ, ಇಲ್ಲವೇ ಇಸ್ಲಾಮೀ ಕಾನೂನಿನ ಭಾಗ ಎಂಬುದು ಇನ್ನೊಂದು ನಂಬಿಕೆ. ಸಿಂಗಪುರದ ಮಟ್ಟಿಗೆ ಎರಡೂ ಸರಿಯಲ್ಲ. ಅಲ್ಲಿಗೆ ಇದನ್ನು ಕಾನೂನಾಗಿ ತಂದವರು ಬ್ರಿಟಿಷರು. ಅವರು 1871ರಲ್ಲಿ ಅಲ್ಲಿಗಾಗಿ ಮಾಡಿದ ದಂಡಸಂಹಿತೆಗೆ ಮಾದರಿ ನಮ್ಮ 1860ರ ಭಾರತೀಯ ದಂಡಸಂಹಿತೆಯೇ. ತಮ್ಮ ದೇಶದಲ್ಲಿ ನ್ಯಾಯಾಲಯಗಳು ಹೊಡೆಸುವುದನ್ನು ಬ್ರಿಟಿಷರು 1948ರಲ್ಲಿ ನಿಲ್ಲಿಸಿದರು. ಸಿಂಗಪುರ ಅವರದೇ ಕಾನೂನನ್ನು ಉಳಿಸಿಕೊಂಡಿತು.

ಹೊಡೆಯುವ ಕೋಲು ಬಿದಿರಿನದು ಎಂದು ಎಷ್ಟೋ ಇಂಗ್ಲಿಷ್ ಬರಹಗಳಲ್ಲಿದೆ. ಕನ್ನಡದವರು ಇಲ್ಲಿ ಸುಲಭವಾಗಿ ಮೋಸಹೋಗರು, ಬೆತ್ತವೇ ಬೇರೆ, ಬಿದಿರೇ ಬೇರೆ ಎಂದು ಗೊತ್ತು. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಜೋರಾಗಿ ಬೀಸಿದರೆ ಸೀಳಿ ಸಿಬಿರೇಳುತ್ತದೆ. ಬೆತ್ತ ತಾಳೆಯ ಬಳಗದ ಬಳ್ಳಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮೈತುಂಬ ಮುಳ್ಳು ಹೊತ್ತು, ಕೊಕ್ಕೆ ಹಾಕಿಕೊಂಡು ಮರವೇರುತ್ತದೆ. ಮುಳ್ಳಿನ ಹೊರಕವಚ ಸುಲಿದರೆ ಒಳಗಿನ ದಂಟು ನುಣುಪು, ಗಟ್ಟಿ, ಬಾಗಿದರೂ ಮುರಿಯದು. ಸಿಂಗಪುರದ ಜೈಲಿನಲ್ಲಿ ಬಳಸುವುದು ಇದನ್ನೇ: ಸುಮಾರು 1.2 ಮೀಟರ್ ಉದ್ದ, ದಪ್ಪ 1.27 ಸೆಂಟಿಮೀಟರಿಗೆ ಮೀರದಂತೆ. ಏಟಿಗೆ ಸೀಳದಿರಲೆಂದು ಅದನ್ನು ಮೊದಲೇ ನೀರಿನಲ್ಲಿ ನೆನೆಸಿಡುತ್ತಾರೆ.

ಇಂಗ್ಲಿಷಿನ ‘ಕೇನ್’ಗೆ ಈ ಭೇದ ಗೊತ್ತಿಲ್ಲ. ಕಬ್ಬು, ಬಿದಿರು, ಬೆತ್ತ, ರಾಸ್ಪ್‌ಬೆರಿ ಗಿಡದ ಕಡ್ಡಿ, ಎಲ್ಲವೂ ಕೇನೇ. ಶಾಲೆಯ ಗೋಡೆಗಳ ನಡುವೆ ಹುಟ್ಟಿದ ಪದವೂ ಇದಲ್ಲ. ಜೊಂಡು ಎಂಬ ಅರ್ಥದಲ್ಲಿ ಪಶ್ಚಿಮ ಏಷ್ಯಾದ ಭಾಷೆಗಳಿಂದ ಹೊರಟು, ಗ್ರೀಕ್, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಕಾಲುವೆಯ ‘ಕೆನಾಲ್’, ಫಿರಂಗಿಯ ‘ಕ್ಯಾನನ್’ ಇದರ ದಾಯಾದಿಗಳು. ‘ಕ್ಯಾಂಡಿ’ ಮಾತ್ರ ಅಲ್ಲ. ಕಬ್ಬಿನ ನೆಂಟಸ್ತಿಕೆ ನೋಡಿ ಹಾಗೆಂದುಕೊಳ್ಳುವವರಿದ್ದಾರೆ, ಆದರೆ ಅದರ ಮೂಲ ಸಂಸ್ಕೃತದ ‘ಖಂಡ’.

ಹೊಡೆಯುವ ಅರ್ಥ ಈ ಪದಕ್ಕೆ ಬಂದದ್ದು ತಡವಾಗಿ, 17ನೇ ಶತಮಾನದಲ್ಲಿ. ಅದೂ ಮೇಷ್ಟರ ಕೋಲಿನಿಂದಲ್ಲ, ದೊಡ್ಡ ಮನುಷ್ಯರ ಊರುಗೋಲಿನಿಂದ. 1856ರ ಮೇ 22ರಂದು ಅಮೆರಿಕದ ಸೆನೆಟ್ ಸಭಾಂಗಣದಲ್ಲಿ ಪ್ರೆಸ್ಟನ್ ಬ್ರೂಕ್ಸ್ ಎಂಬ ಸಂಸದ, ಗುಲಾಮಗಿರಿಯ ವಿರುದ್ಧ ಮಾತಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ನೆಲಕ್ಕುರುಳುವಂತೆ ಬಡಿದ. ಚರಿತ್ರೆಯ ಪುಸ್ತಕಗಳು ಇದನ್ನು ‘ಕೇನಿಂಗ್’ ಎಂದೇ ಕರೆಯುತ್ತವೆ. ಆ ಕೋಲು ಬೆತ್ತದ್ದೂ ಅಲ್ಲ, ಬಿದಿರಿನದೂ ಅಲ್ಲ. ರಬ್ಬರನ್ನು ಹೋಲುವ ಗಟಾಪರ್ಚಾದ ಊರುಗೋಲು, ಹಿಡಿಗೆ ಚಿನ್ನದ ಕಟ್ಟು. ಬೆತ್ತದ ಕುರ್ಚಿಗೆ ಹೆಣಿಗೆ ಹಾಕುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಕೇನಿಂಗ್ ಎನ್ನುತ್ತಾರೆ. ಕುರ್ಚಿ ರಿಪೇರಿಯ ಜಾಹೀರಾತು ಓದಿ ಯಾರೂ ಗಾಬರಿಯಾಗಬೇಕಿಲ್ಲ.

ಇಂಗ್ಲೆಂಡಿನ ಶಾಲೆಗಳಲ್ಲಿ ಬೆತ್ತ ಅನಾದಿಯಿಂದ ಇತ್ತು ಎನ್ನುವುದೂ ತಪ್ಪು. ಬೆತ್ತ ಅಲ್ಲಿ ಬೆಳೆಯುವುದೇ ಇಲ್ಲ. ಹಳೆಯ ಶಾಲೆಗಳ ಆಯುಧ ಬರ್ಚ್ ಮರದ ಕಡ್ಡಿಗಳ ಕಂತೆ. ಆಗ್ನೇಯ ಏಷ್ಯಾದ ಬೆತ್ತ ವ್ಯಾಪಾರದ ಹಡಗುಗಳಲ್ಲಿ ಅಗ್ಗವಾಗಿ ಬರತೊಡಗಿದ ಮೇಲೆ, 19ನೇ ಶತಮಾನದಲ್ಲಿ ಅದು ಶಾಲೆಗಳಲ್ಲಿ ಬೇರೂರಿತು. ಸ್ಕಾಟ್ಲೆಂಡಿನ ಮೇಷ್ಟರಿಗಂತೂ ಚರ್ಮದ ಪಟ್ಟಿಯೇ ಇಷ್ಟವಾಗಿತ್ತು. ಅಲ್ಲಿಯ ಇಬ್ಬರು ತಾಯಂದಿರು ಆ ಪಟ್ಟಿಯ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 1982ರಲ್ಲಿ ಗೆದ್ದರು. 1987ರಲ್ಲಿ ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ಹೊಡೆತ ನಿಂತಿತು.

ಕೋಲು ಬಿಟ್ಟರೆ ಮಗು ಕೆಟ್ಟೀತು ಎಂಬ ಇಂಗ್ಲಿಷ್ ಗಾದೆ ಬೈಬಲಿನದು ಎಂದು ಪಾದ್ರಿಗಳೂ ಹೇಳುವುದುಂಟು. ಅದೇ ಭಾವದ ಮಾತು ಬೈಬಲಿನ ಜ್ಞಾನೋಕ್ತಿಗಳಲ್ಲಿ ಇದೆ, ನಿಜ. ಆದರೆ ಇಂದು ಬಾಯಲ್ಲಿರುವ ರೂಪ 1660ರ ದಶಕದಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಬರೆದ ‘ಹ್ಯೂಡಿಬ್ರಾಸ್’ ಎಂಬ ವಿಡಂಬನ ಕಾವ್ಯದ್ದು. ಅಲ್ಲಿ ಮಗು ಎಂದರೆ ಪ್ರೇಮ! ತನ್ನ ಹಿಂದೆ ಬಿದ್ದ ನಾಯಕನಿಗೆ ಒಬ್ಬ ವಿಧವೆ, ಪ್ರೀತಿ ಸಾಬೀತು ಮಾಡಬೇಕಾದರೆ ಚಾಟಿಯೇಟು ತಿನ್ನು ಎಂದು ಕಾಲೆಳೆಯುವ ಸಂದರ್ಭವದು.

ನಮ್ಮ ‘ದಂಡಂ ದಶಗುಣಂ’ ಕಥೆಯೂ ಹೆಚ್ಚು ಬೇರೆಯಲ್ಲ. ಹೊಡೆದರೆ ಬುದ್ಧಿ ಬರುತ್ತದೆ ಎನ್ನಲು ಇದನ್ನು ಎತ್ತಿ ಹೇಳದವರಿಲ್ಲ. ಆದರೆ ಮೂಲ ಸುಭಾಷಿತ ಕೈಕೋಲಿನ ಹತ್ತು ಉಪಯೋಗಗಳ ಪಟ್ಟಿ. ಹಕ್ಕಿ, ನಾಯಿ, ಶತ್ರು, ಹಾವು, ದನಗಳನ್ನು ದೂರವಿಡಲು. ಕೆಸರು, ನೀರಿನಲ್ಲಿ ಹೆಜ್ಜೆ ಊರಲು. ಕುರುಡಿಗೆ, ಕತ್ತಲಿಗೆ, ಮುಪ್ಪಿಗೆ ಆಸರೆಯಾಗಲು. ಹತ್ತರಲ್ಲಿ ಎಲ್ಲಿಯೂ ವಿದ್ಯಾರ್ಥಿಯ ಸುಳಿವಿಲ್ಲ. ಶ್ಲೋಕದ ಮೊದಲ ಪದಗಳು ಸಂಧಿಯಲ್ಲಿ ಕೂಡಿ ‘ವಿಶ್ವಾಮಿತ್ರ’ ಎಂದು ಕೇಳುವುದರಿಂದ ಋಷಿಯ ಹೆಸರೂ ಸುಮ್ಮನೆ ಎಳೆದುಕೊಂಡು ಬರುತ್ತದೆ!

ಇನ್ನು ಭಾರತದ ಕಾನೂನು. 1860ರ ದಂಡಸಂಹಿತೆಯಲ್ಲಿ ಛಡಿ ಏಟು ಇತ್ತೆಂದು ಭಾವಿಸುವವರು ಹೆಚ್ಚು. ಇರಲಿಲ್ಲ. ಮೆಕಾಲೆ ಸಿದ್ಧಪಡಿಸಿದ ಕರಡಿನಲ್ಲೇ ಅದನ್ನು ಕೈಬಿಡಲಾಗಿತ್ತು. 1864ರ ವಿಪ್ಪಿಂಗ್ ಕಾಯ್ದೆ ಅದನ್ನು ಹಿಂಬಾಗಿಲಿನಿಂದ ತಂದಿತು; ಸ್ವತಂತ್ರ ಭಾರತ 1955ರಲ್ಲಿ ತೆಗೆದುಹಾಕಿತು. ಹಾಗೆ ಕಳ್ಳನಿಗೆ ತಪ್ಪಿದ ಏಟು ಶಾಲೆಯ ಮಗುವಿಗೆ ಕಾನೂನಿನಲ್ಲಿ ತಪ್ಪಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಮಕ್ಕಳಿಗೆ ಹೊಡೆಯಲು ಮೇಷ್ಟರಿಗೆ ಹಕ್ಕಿದೆ ಎಂದು ಇಂದಿಗೂ ನಂಬಿರುವ ಪೋಷಕರು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಓದಬೇಕು: ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ಅಲ್ಲಿ ನಿಷಿದ್ಧ, ಮಾಡಿದವರು ಶಿಸ್ತುಕ್ರಮಕ್ಕೆ ಗುರಿ.