ತುವಾಲು: ಆಶ್ರಯದ ಬೆಲೆ

ಶಾಂತಸಾಗರದ ನಡುವೆ ತುವಾಲು ಎಂಬ ರಾಷ್ಟ್ರವಿರುವುದು. ಒಂಬತ್ತು ಹವಳದ್ವೀಪಗಳು, ಒಟ್ಟು ನೆಲ 26 ಚದರ ಕಿಲೋಮೀಟರು, ಜನಸಂಖ್ಯೆ ಹತ್ತು ಸಾವಿರಕ್ಕೆ ತುಸು ಮೇಲೆ. 1978ರಲ್ಲಿ ಆಂಗ್ಲರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಈ ನಾಡಿನ ಬಹುಭಾಗವು ಸಮುದ್ರಮಟ್ಟಕ್ಕಿಂತ ಎರಡು ಮೂರು ಮೀಟರು ಮಾತ್ರ ಎತ್ತರವಾಗಿದೆ. ಲೋಕದ ಯಂತ್ರಗಳ ಹೊಗೆಯಿಂದ ಭೂಮಿಯ ಶಾಖವು ಹೆಚ್ಚಿ, ಕಳೆದ ಮೂವತ್ತು ವರ್ಷಗಳಲ್ಲಿ ಅಲ್ಲಿಯ ಕಡಲು ಸುಮಾರು 15 ಸೆಂಟಿಮೀಟರು ಏರಿದೆ.

ಗೇಣಿಗೂ ಕಡಮೆಯಾದ ಈ ಏರಿಕೆಯಿಂದ ಏನಾದೀತೆಂದು ಕೇಳುವವರುಂಟು. ದ್ವೀಪವು ಮುಳುಗುವುದಕ್ಕೆ ಬಹಳ ಮುಂಚೆಯೇ ವಾಸಕ್ಕೆ ಅಯೋಗ್ಯವಾಗುವುದೆಂಬುದನ್ನು ಅವರು ಮರೆಯುತ್ತಾರೆ. ಹವಳದ ನೆಲವು ಜರಡಿಯಂತಹುದು. ದೊಡ್ಡ ಭರತ ಬಂದಾಗ ಉಪ್ಪುನೀರು ದಡವನ್ನು ದಾಟಿ ಬರುವುದಲ್ಲದೆ ಕೆಳಗಿನಿಂದಲೂ ಉಕ್ಕುವುದು. ಜನರು ಕುಳಿ ತೋಡಿ ಬೆಳೆಯುವ ಪುಲಕವೆಂಬ ಕೆಸುವಿನ ಜಾತಿಯ ಗೆಡ್ಡೆಯು ಆ ಉಪ್ಪಿಗೆ ಕೆಡುವುದು. 1971ರಿಂದ 2014ರವರೆಗಿನ ಚಿತ್ರಗಳನ್ನು ಪರಿಶೀಲಿಸಿದ ವಿದ್ವಾಂಸರು, ಅಲೆಗಳು ಒಂದೆಡೆ ಕೊರೆದು ಇನ್ನೊಂದೆಡೆ ಮರಳನ್ನು ಒಟ್ಟುವುದರಿಂದ ಒಟ್ಟು ವಿಸ್ತೀರ್ಣವು ಅಲ್ಪ ಹೆಚ್ಚಿದೆಯೆಂದು ಕಂಡುಕೊಂಡರು. ಸತ್ಯವೇ ಸರಿ, ಆದರೆ ಮನೆಯ ಮುಂದಣ ನೆಲವು ಕೊಚ್ಚಿಹೋದವನಿಗೆ ಆಚೆಯ ದಡದ ಮರಳಿನಿಂದ ಲಾಭವೇನು?

ಇದಿಷ್ಟು ಕಡಲಿನ ಮಾತಾಯಿತು. ರಾಜಕಾರಣದ ಮಾತು ಬೇರೆಯೇ ಇದೆ. 2023ರ ನವಂಬರಿನಲ್ಲಿ ತುವಾಲು ಆಸ್ಟ್ರೇಲಿಯದೊಡನೆ 'ಫಲೆಪಿಲಿ' ಎಂಬ ಒಡಂಬಡಿಕೆಗೆ ಸಹಿ ಹಾಕಿತು. 2024ರ ಆಗಸ್ಟಿನಿಂದ ಅದು ಜಾರಿಯಲ್ಲಿದೆ. ಆ ಶಬ್ದಕ್ಕೆ ನೆರೆಹೊರೆಯವರ ಸೌಹಾರ್ದವೆಂದು ಅರ್ಥ. ಅದರಂತೆ ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯಕ್ಕೆ ಹೋಗಿ ನೆಲಸಬಹುದು. ಕಡಲು ಏರಿದರೂ ತುವಾಲುವಿನ ರಾಷ್ಟ್ರತ್ವವು ಅಳಿಯದೆಂದು ಆಸ್ಟ್ರೇಲಿಯವು ಒಪ್ಪಿದೆ. ಆದರೆ ರಕ್ಷಣೆಯ ವಿಷಯದಲ್ಲಿ ತುವಾಲು ಬೇರಾವ ರಾಷ್ಟ್ರದೊಡನೆ ಕೂಡಬೇಕಾದರೂ ಆಸ್ಟ್ರೇಲಿಯದ ಸಮ್ಮತಿ ಬೇಕು. 1799ರಲ್ಲಿ ಕುಂಪಣಿಯವರು ಮೈಸೂರಿಗೆ ವಿಧಿಸಿದ ಕರಾರನ್ನು ಬಲ್ಲ ನಮಗೆ ಇಂತಹ ಷರತ್ತು ಅಪರಿಚಿತವಲ್ಲ. ಭೇದವುಂಟು, ನಿಜ. ಅಂದು ಸಿಂಹಾಸನದಲ್ಲಿದ್ದವನು ಬಾಲಕ. ಇಲ್ಲಿ ಪ್ರಜೆಗಳು ಆರಿಸಿದ ಸರಕಾರವೇ ಒಪ್ಪಿದೆ. ಆದರೂ, ಕಲ್ಲಿದ್ದಲನ್ನೂ ಅನಿಲವನ್ನೂ ಲೋಕಕ್ಕೆ ಮಾರುವ ದೊಡ್ಡ ವರ್ತಕರಲ್ಲಿ ಒಬ್ಬರಾದ ಆಸ್ಟ್ರೇಲಿಯದವರು ತಮ್ಮ ಆಶ್ರಯಕ್ಕೆ ಈ ಬೆಲೆಯನ್ನು ಕೇಳುವುದು ಯಾವ ನ್ಯಾಯ?

ರಾಷ್ಟ್ರತ್ವವೆಂಬುದು ಇಲ್ಲಿ ಬರಿಯ ಗೌರವದ ಮಾತಲ್ಲ. ನೆಲವು ಅತ್ಯಲ್ಪವಾದರೂ ಸುತ್ತಲಿನ ಲಕ್ಷಗಟ್ಟಲೆ ಚದರ ಕಿಲೋಮೀಟರು ಕಡಲಿನ ಮೀನಿನ ಹಕ್ಕು ತುವಾಲುವಿನದು; ಅದರ ಪರವಾನಗಿಯ ಹಣವೇ ಬೊಕ್ಕಸದ ಮುಖ್ಯ ಆಧಾರ. ಸ್ಥಾಪಿತವಾದ ರಾಷ್ಟ್ರವು ನೆಲವನ್ನು ಕಳೆದುಕೊಂಡ ಮಾತ್ರಕ್ಕೆ ರಾಷ್ಟ್ರತ್ವವನ್ನು ಕಳೆದುಕೊಳ್ಳಬೇಕಾಗಿಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರಂದು ಅಭಿಪ್ರಾಯ ಕೊಟ್ಟಿತು.

ಅದೇ ತಿಂಗಳು ಮುಗಿದ ವಲಸೆಯ ಮೊದಲ ಚೀಟಿಗೆ, ಮನೆಮಂದಿಯೂ ಸೇರಿ, ಎಂಟು ಸಾವಿರಕ್ಕೂ ಮಿಕ್ಕ ಹೆಸರುಗಳು ಬಂದಿದ್ದುವು. ರಾಜಧಾನಿಯಾದ ಫುನಫುಟಿಯಲ್ಲಿ ಮರಳನ್ನೆತ್ತಿ ಸುರಿದು ಏಳು ಹೆಕ್ಟೇರು ಹೊಸ ನೆಲವನ್ನೂ ಕಟ್ಟಿದ್ದಾರೆ.