ಬೇರಿನಿಂದ ನರದವರೆಗೆ

ಮುಂಬೈಯ ಜೋಗೇಶ್ವರಿಯಲ್ಲಿ ಲೋಕಲ್ ಹತ್ತಿ ದಾದರ್‌ನಲ್ಲಿ ಇಳಿದರೆ ಪರೇಲಿನ ಕೆಇಎಂ ಆಸ್ಪತ್ರೆ ದೂರವೇನಲ್ಲ. ಬಿಪಿ ಮಾತ್ರೆ ನುಂಗುವವರೆಲ್ಲ ನೆನೆಯಬೇಕಾದ ರುಸ್ತುಂ ಜಾಲ್ ವಕೀಲ್ ಅಲ್ಲಿ ವೈದ್ಯರಾಗಿದ್ದರು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು 50 ರೋಗಿಗಳಲ್ಲಿ ಕಂಡು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲೇ ಇದನ್ನು ಹೇಳಿದ್ದರು, ಹೊರಗಿನವರು ಕಿವಿಗೊಟ್ಟಿರಲಿಲ್ಲ. ವಕೀಲರ ಬರಹ ಓದಿ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದೇ ಬೇರನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಬೇರಿನ ಸಾರವಾದ ರೆಸರ್ಪಿನ್ ತೆಗೆಯಿತು.

ಅದು ಹೇಗೆ ಕೆಲಸ ಮಾಡುತ್ತದೆಂಬುದು ಆಮೇಲೆ ತಿಳಿಯಿತು. ನರದ ತುದಿಯಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ರೆಸರ್ಪಿನ್ ಖಾಲಿ ಮಾಡುತ್ತಿತ್ತು. ನರ ಸುಮ್ಮನಾದರೆ ಒತ್ತಡ ಇಳಿಯುತ್ತದೆ! ಆದರೆ ಮೈಯ ಇಂಥ ನರಗಳೆಲ್ಲ ಒಟ್ಟಿಗೇ ಮಂಕಾಗುತ್ತಿದ್ದವು. ಮೂಗು ಕಟ್ಟುತ್ತಿತ್ತು, ಮನಸ್ಸು ಕುಗ್ಗುತ್ತಿತ್ತು. ಅದೇ ಕಾಲದಲ್ಲಿ ಬಾಸ್ಟನ್ನಿನ ಸರ್ಜನ್ ಸ್ಮಿತ್‌ವಿಕ್ ಬೆನ್ನಿನ ಬಳಿಯ ನರಗಳನ್ನೇ ಕತ್ತರಿಸುತ್ತಿದ್ದರು. ಒತ್ತಡ ಇಳಿಯುತ್ತಿತ್ತು, ಆದರೆ ಎದ್ದು ನಿಂತ ರೋಗಿಗೆ ತಲೆಸುತ್ತು ಬರುತ್ತಿತ್ತು.

ಹಾಗಾದರೆ ಯಾವ ನರ ಮುಖ್ಯ? ಕಿಡ್ನಿಗೆ ಹೋಗುವ, ನಾರ್‌ಅಡ್ರಿನಲಿನ್ ಬಿಡುವ ಸಿಂಪಥೆಟಿಕ್ ನರ ಕೆರಳಿದಾಗ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ರಕ್ತನಾಳ ಕುಗ್ಗುತ್ತದೆ, ರೆನಿನ್ ಎಂಬ ರಾಸಾಯನಿಕ ಸುರಿಯುತ್ತದೆ. ಮೂರೂ ಒತ್ತಡ ಏರಿಸುವ ದಾರಿಗಳೇ. ಮೆಲ್ಬರ್ನ್‌ನ ಮರ್ರಿ ಎಸ್ಲರ್ ಕಿಡ್ನಿಯಿಂದ ರಕ್ತಕ್ಕೆ ಸೋರುವ ನಾರ್‌ಅಡ್ರಿನಲಿನ್ ಅಳೆದು, ಬಿಪಿ ಇರುವ ಹಲವರಲ್ಲಿ ಅದು ಹೆಚ್ಚೆಂದು ತೋರಿಸಿದರು. 2007ರಲ್ಲಿ ಅದೇ ಊರಿನಲ್ಲಿ ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ, ಕಿಡ್ನಿಯ ರಕ್ತನಾಳದ ಗೋಡೆಯ ಹೊರಗಿನ ನರಗಳನ್ನು ಶಾಖದಿಂದ ಸುಟ್ಟರು. ಒತ್ತಡ ಇಳಿಯಿತು, ಉತ್ಸಾಹ ಹುಚ್ಚೆದ್ದಿತು.

ಈ ಚಿಕಿತ್ಸೆಯನ್ನು ಒರೆಗೆ ಹಚ್ಚಿ 2014ರಲ್ಲಿ ಪ್ರಕಟವಾದ ಪರೀಕ್ಷೆಯೇ ನನಗೆ ಇಡೀ ಕತೆಯ ತಿರುಳು. 535 ರೋಗಿಗಳಲ್ಲಿ ಕೆಲವರಿಗೆ ನರ ಸುಡಲಿಲ್ಲ, ಬರೇ ಕ್ಯಾತಿಟರ್ ಹಾಕಿ ತೆಗೆದರು. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಮಂಪರಿನ ಮದ್ದು. ತನಗೆ ಏನಾಯಿತೆಂದು ರೋಗಿಗೆ ತಿಳಿಯಬಾರದು. ಆರು ತಿಂಗಳಿಗೆ ಸುಟ್ಟವರಲ್ಲಿ ಒತ್ತಡ ಸುಮಾರು 14 ಅಂಕ ಇಳಿದಿತ್ತು, ಸುಡದವರಲ್ಲಿ ಸುಮಾರು 12! ಹಣ ಹೂಡಿದವರು ಹಿಂಜರಿದರು. ಆದರೆ ಸಂಶೋಧಕರು ಕ್ಯಾತಿಟರ್ ಬದಲಿಸಿದರು, ಹೆಚ್ಚು ಕಡೆ ಸುಟ್ಟರು, ಮಾತ್ರೆ ನಿಲ್ಲಿಸಿದ ರೋಗಿಗಳಲ್ಲೂ ಹೋಲಿಸಿ ನೋಡಿದರು. ಇಳಿಕೆ ಸಣ್ಣದು, ಆದರೆ ನಿಜವಾದದ್ದೆಂದು ಗೊತ್ತಾಯಿತು. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು. ನರ ಸಾಕಷ್ಟು ಸುಟ್ಟಿತೇ ಎಂದು ಆ ಕ್ಷಣಕ್ಕೇ ಹೇಳುವ ಸರಳ ಅಳತೆ ಮಾತ್ರ ವೈದ್ಯರ ಕೈಗೆ ಇನ್ನೂ ಬಂದಿಲ್ಲ.