ಊರಿಗೆ ಕರೆಯುವುದೂ ಒಂದು ವಿದ್ಯೆ

ಮನೆಗೆ ನೆಂಟರು ಬರುತ್ತಾರೆಂದರೆ ಎಷ್ಟೊಂದು ಸಿದ್ಧತೆ! ಅಂಗಳ ಗುಡಿಸಿ ರಂಗೋಲಿ ಹಾಕಬೇಕು, ಹಾಸಿಗೆ ಹೊದಿಕೆ ಬಿಸಿಲಿಗೆ ಹರವಬೇಕು, ಯಾವ ಬಸ್ಸಿಗೆ ಬರುತ್ತಾರೆಂದು ಕೇಳಿಟ್ಟುಕೊಳ್ಳಬೇಕು. ಹೊರಡುವಾಗ ಅವರು ‘ಮತ್ತೆ ಬರುತ್ತೇವೆ’ ಎಂದರೆ ಅಮ್ಮನಿಗೆ ಸಮಾಧಾನ. ಇದೇ ಕೆಲಸವನ್ನು ಇಡೀ ಊರಿನ ಪರವಾಗಿ ಮಾಡುವ ಕಚೇರಿಗಳು ಪ್ರಪಂಚದ ಅನೇಕ ನಗರಗಳಲ್ಲಿವೆ. ಅವುಗಳನ್ನು ‘ಪ್ರವಾಸ ಮತ್ತು ಸಮಾವೇಶ ಬ್ಯೂರೋ’ ಎನ್ನುತ್ತಾರೆ.

ಇದು ಶುರುವಾದದ್ದು 1896ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಮಿಲ್ಟನ್ ಕಾರ್ಮೈಕಲ್ ಎಂಬ ಪತ್ರಕರ್ತ ಅಲ್ಲಿನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ‘ನಮ್ಮೂರಿನಲ್ಲಿ ಸಮ್ಮೇಳನಗಳು ನಡೆಯುತ್ತವೆ, ನೂರಾರು ಜನ ಬಂದು ಉಳಿದುಕೊಳ್ಳುತ್ತಾರೆ. ಆದರೆ ಅವರಾಗಿ ಬಂದರೆ ಮಾತ್ರ ಉಂಟು. ನಾವೇ ಒಟ್ಟಾಗಿ ಕರೆದರೆ ಹೇಗೆ?’ ಎಂಬುದು ಅದರ ಸಾರ. ವ್ಯಾಪಾರಿಗಳು ಕೂಡಲೇ ಸಭೆ ಸೇರಿ ಸಂಘ ಕಟ್ಟಿದರು. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆಂದು ‘ಭಾರತ ಸಮಾವೇಶ ಪ್ರಚಾರ ಬ್ಯೂರೋ’ ಹುಟ್ಟಿದ್ದು 1988ರಲ್ಲಿ.

ಬ್ಯೂರೋ ಏನು ಮಾಡುತ್ತದೆ?

ಬರೀ ಬಣ್ಣದ ಭಿತ್ತಿಪತ್ರ ಅಂಟಿಸುವುದು ಅದರ ಕೆಲಸವಲ್ಲ. ಊರಿನಲ್ಲಿ ಎಷ್ಟು ಸಭಾಂಗಣಗಳಿವೆ, ಎಷ್ಟು ಕೋಣೆಗಳಿವೆ, ರೈಲು ಎಷ್ಟು ಹೊತ್ತಿಗೆ ಎಂಬ ಪಟ್ಟಿ ಅದರ ಬಳಿ ಸದಾ ಸಿದ್ಧವಿರುತ್ತದೆ. ವೈದ್ಯರೋ ವಿಜ್ಞಾನಿಗಳೋ ಸಮ್ಮೇಳನಕ್ಕೆ ಜಾಗ ಹುಡುಕುತ್ತಿದ್ದರೆ ‘ನಮ್ಮಲ್ಲಿಗೆ ಬನ್ನಿ’ ಎಂದು ಬೇರೆ ಊರುಗಳೊಡನೆ ಪೈಪೋಟಿಗಿಳಿಯುತ್ತದೆ. ಪ್ರವಾಸ ಏರ್ಪಡಿಸುವವರನ್ನೂ ಪತ್ರಕರ್ತರನ್ನೂ ಕರೆಸಿ ಊರು ತೋರಿಸುತ್ತದೆ. ಬಂದವರು ಒಂದು ರಾತ್ರಿಯಾದರೂ ಉಳಿಯುವಂತೆ ಮಾಡುವುದು ಅದರ ಮುಖ್ಯ ಗುರಿ. ಏಕೆಂದರೆ ಉಳಿದವರು ಊಟ ಮಾಡುತ್ತಾರೆ, ಆಟೋ ಹತ್ತುತ್ತಾರೆ, ಅಂಗಡಿಗೆ ಹೋಗುತ್ತಾರೆ. ಹಣ ಊರಿನೊಳಗೆ ಕೈಯಿಂದ ಕೈಗೆ ಹರಿಯುತ್ತದೆ.

ಕರ್ನಾಟಕದಲ್ಲಿ ಊರುಗಳನ್ನು ಪರಿಚಯಿಸುವ ಹೊಣೆ ಪ್ರವಾಸೋದ್ಯಮ ಇಲಾಖೆಯದು. 1971ರಲ್ಲಿ ಆರಂಭವಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ‘ಮಯೂರ’ ಹೆಸರಿನ ಹೋಟೆಲುಗಳನ್ನು ನಡೆಸುತ್ತದೆ. ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಘೋಷವಾಕ್ಯವನ್ನು ನೀವೂ ನೋಡಿರಬಹುದು.

ಬ್ಯೂರೋ ಇಲ್ಲದ ಕಾಲದ ಸಮ್ಮೇಳನ

ಆದರೆ ಜನರನ್ನು ಕರೆದು ಸೇರಿಸುವ ವಿದ್ಯೆ ನಮಗೆ ಹೊಸದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೇ ನೋಡಿ. ಡಿಸೆಂಬರ್–ಜನವರಿ ಹೊತ್ತಿಗೆ ದೂರದ ಜಿಲ್ಲೆಗಳಿಂದ, ಪಕ್ಕದ ಆಂಧ್ರ, ತಮಿಳುನಾಡುಗಳಿಂದ ರೈತರು ಬರುತ್ತಾರೆ. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಹಲ್ಲು ನೋಡಿ, ಸುಳಿ ನೋಡಿ ವ್ಯಾಪಾರ. ಒಂದೇ ಕಸುಬಿನವರು ಒಂದೆಡೆ ಸೇರಿ, ಹಲವು ದಿನ ಉಳಿದು, ಕೊಟ್ಟು ಕೊಂಡು, ಸುದ್ದಿ ಹಂಚಿಕೊಂಡು ಹೋಗುವುದು ಸಮ್ಮೇಳನವಲ್ಲದೆ ಮತ್ತೇನು? ಇದಕ್ಕೆ ಆಹ್ವಾನಪತ್ರಿಕೆ ಪಂಚಾಂಗ. ಪ್ರಚಾರ ಬಾಯಿಂದ ಬಾಯಿಗೆ. ಮೇವು, ನೀರು, ಮಲಗಲು ಜಾಗ, ಇವು ಸಿಗುತ್ತವೆಂಬ ನಂಬಿಕೆಯೇ ಜನರನ್ನು ಮರುವರ್ಷವೂ ಕರೆತರುತ್ತದೆ.

ಕರೆಯಲು ಒಂದು ಸೊಗಸಾದ ಕಥೆಯೂ ಬೇಕಷ್ಟೆ. ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂದಿನ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿ ನೋಡುತ್ತಾರೆ! ದೊಡ್ಡಬಳ್ಳಾಪುರದ ಹೆಸರಿಗೂ ಕಥೆಯಿದೆ. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಸುರಿಸುತ್ತಿತ್ತಂತೆ. ಬಳ್ಳ ಎಂದರೆ ಹಳೆಯ ಕಾಲದ ಅಳತೆ. ಅದರಿಂದಲೇ ಬಳ್ಳಾಪುರ ಎನ್ನುತ್ತಾರೆ.

ಹಾದುಹೋಗುವವರನ್ನು ನಿಲ್ಲಿಸುವುದು ಹೇಗೆ?

ದೊಡ್ಡಬಳ್ಳಾಪುರದ ಅದೃಷ್ಟವೂ ಕಷ್ಟವೂ ಒಂದೇ: ಬೆಂಗಳೂರು ಹತ್ತಿರ. ಪಕ್ಕದ ದೇವನಹಳ್ಳಿಯಲ್ಲಿ 2008ರಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ದಾರಿಯಲ್ಲಿ ಸಿಗುವ ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ತುಮಕೂರು ರಸ್ತೆಯ ಮಾದಾವರದಲ್ಲಿ ಬೃಹತ್ ವಸ್ತುಪ್ರದರ್ಶನ ಕೇಂದ್ರವಿದ್ದು, 2024ರ ನವೆಂಬರ್‌ನಿಂದ ಅಲ್ಲಿಗೆ ಮೆಟ್ರೊ ರೈಲೂ ಹೋಗುತ್ತದೆ. ಪ್ರಪಂಚವೇ ಬಾಗಿಲ ಮುಂದೆ ಹಾದುಹೋಗುತ್ತಿದೆ. ಆದರೆ ಬೆಳಿಗ್ಗೆ ಬೆಟ್ಟ ಹತ್ತಿ ಮಧ್ಯಾಹ್ನಕ್ಕೆ ಮರಳುವವರು ಊರಿಗೆ ಬಿಟ್ಟುಹೋಗುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಾಟಲಿಯನ್ನೇ. ಇಲ್ಲಿನ ಬೀದಿಗಳಲ್ಲಿ ಕೇಳುವ ಮಗ್ಗದ ಸದ್ದು, ಕಣ್ಣೆದುರೇ ಸಿದ್ಧವಾಗುವ ರೇಷ್ಮೆ ಸೀರೆ, ದೇವನಹಳ್ಳಿಯ ಹೆಸರಾಂತ ಚಕ್ಕೋತ, ಇವೆಲ್ಲ ಒಂದೇ ನಕ್ಷೆಯಲ್ಲಿ ಪ್ರವಾಸಿಗರ ಕೈಗೆ ಸಿಕ್ಕರೆ ಅರ್ಧ ದಿನದ ಪ್ರವಾಸ ಎರಡು ದಿನದ್ದಾಗಬಹುದು. ನೇಕಾರರ ಮನೆಗೂ, ತೋಟದವರಿಗೂ ನಾಲ್ಕು ಕಾಸು ಸೇರಬಹುದು.

ಹಾಗೆಂದು ಬನ್ನಿ ಬನ್ನಿ ಎಂದು ಕೂಗುವುದಷ್ಟೇ ಸಾಲದು. ಸಾಕು ಎನ್ನಲೂ ತಿಳಿದಿರಬೇಕು. ಹಳೆಯ ಕೋಟೆಯಿರುವ ಮಾಕಳಿದುರ್ಗವನ್ನು ಈಗ ಮೊದಲೇ ಕಾಯ್ದಿರಿಸಿ ಹತ್ತಬೇಕು. ಒಂದು ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದ್ದರೆ ಕಾಡಿಗೂ ಉಸಿರಾಡಲು ಬಿಡುವು. ಬೆಟ್ಟದ ಕೆಳಗೇ ರೈಲು ಓಡುತ್ತದೆ. ಫೋಟೊಗಾಗಿ ಹಳಿಯ ಮೇಲೆ ನಡೆಯುವುದು ಪ್ರಾಣಕ್ಕೇ ಅಪಾಯ. ಇದನ್ನು ಮೊದಲೇ ತಿಳಿಹೇಳುವುದೂ ಅತಿಥಿ ಸತ್ಕಾರವೇ. ಭಿತ್ತಿಪತ್ರದಲ್ಲಿ ಚೆಂದದ ಕೆರೆ ತೋರಿಸಿ, ಬಂದವರಿಗೆ ಶುಚಿಯಾದ ಶೌಚಾಲಯವೂ ಸಿಗದಿದ್ದರೆ ಅವರು ಎರಡನೆಯ ಸಲ ಬರುವುದಿಲ್ಲ.

ಮಕ್ಕಳೇ, ಈ ಭಾನುವಾರ ನೀವೇ ನಿಮ್ಮೂರಿನ ಬ್ಯೂರೋ ಆಗಿ. ಒಂದು ಹಾಳೆ ತೆಗೆದುಕೊಳ್ಳಿ. ನೋಡಲೇಬೇಕಾದ ಮೂರು ಜಾಗ, ತಿನ್ನಲೇಬೇಕಾದ ಒಂದು ತಿಂಡಿ, ಅಜ್ಜಿ ಹೇಳಿದ ಊರಿನ ಒಂದು ಕಥೆ, ಬಸ್ಸಿನ ವೇಳೆ ಬರೆಯಿರಿ. ಹಿಂಬದಿಯಲ್ಲಿ, ನೆಂಟರು ಬರುವ ಮೊದಲು ಊರಿನಲ್ಲಿ ಸರಿಪಡಿಸಬೇಕಾದ ಮೂರು ಸಂಗತಿಗಳನ್ನೂ ಬರೆಯಿರಿ. ಮುಂಬದಿಯನ್ನು ದೂರದ ಗೆಳೆಯರಿಗೆ ಕಳಿಸಿ. ಹಿಂಬದಿಯನ್ನು ಅಪ್ಪ ಅಮ್ಮನ ಜೊತೆ ಹೋಗಿ ಪಂಚಾಯಿತಿಗೋ ನಗರಸಭೆಗೋ ಕೊಟ್ಟು ಬನ್ನಿ.